ಹಿಂಜರಿತದ ಕಾಲದಲ್ಲಿ ಒಂದು ಹೊಸ ಬೊಟಿಕ್

ನಮ್ಮ ಗಲ್ಲಿಯ ತಿರುವಿನಲ್ಲಿ ಒಂದು ಜೆರಾಕ್ಸ್ ಅಂಗಡಿ ಇತ್ತು. ಪಕ್ಕದಲ್ಲೇ ಎರಡು ಶಾಲೆ ಇರುವುದರಿಂದ ಬೆಳಿಗ್ಗೆ, ಸಂಜೆ ಅಲ್ಲಿ ಮಕ್ಕಳ ಗುಂಪು ತಪ್ಪುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಶಾಲೆಗಳು ಮುಚ್ಚಿದವು, ಜೆರಾಕ್ಸ್ ಮಾಡಿಸುವವರೇ ಇಲ್ಲವಾದರು. ಆ ವರ್ಷದ ಕೊನೆಗೆ ಅದರ ಶಟರ್ ಮೇಲೆ ‘ಬಾಡಿಗೆಗೆ ಇದೆ’ ಎಂಬ ಚೀಟಿ ಬಿತ್ತು. 2021ರ ಫೆಬ್ರವರಿಯಲ್ಲಿ ಅದೇ ಶಟರ್ ಎತ್ತಿ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಹೆಂಗಸರ ಬಟ್ಟೆಯ ಬೊಟಿಕ್ ತೆರೆದರು.

ಆ ದಿನ ಶರಬತ್ತು ಕುಡಿದು ಹೋದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: “ಜನರ ಕೈಯಲ್ಲಿ ದುಡ್ಡಿಲ್ಲದಾಗ ಬಟ್ಟೆ ಅಂಗಡಿಯಾ?” ನನಗೂ ಅದೇ ಅನಿಸಿತ್ತು. ಆಗ ನಾನು ಪ್ರಥಮ ಪಿಯು ವಾಣಿಜ್ಯ ವಿಭಾಗದಲ್ಲಿದ್ದೆ. “ಲೆಕ್ಕ ಓದುತ್ತೀಯಲ್ಲ, ನನ್ನ ಲೆಕ್ಕ ಬರೆದುಕೊಡು” ಎಂದು ಖಾಲಾ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟರು. ಈಗ ದ್ವಿತೀಯ ಪಿಯುನಲ್ಲಿದ್ದೇನೆ. ಆ ನೋಟ್‌ಬುಕ್ ತುಂಬುತ್ತಾ ಬಂದಿದೆ. ಒಂದು ಸಣ್ಣ ಅಂಗಡಿ ಆರ್ಥಿಕ ಹಿಂಜರಿತದಲ್ಲಿ ಹೇಗೆ ಹುಟ್ಟುತ್ತದೆ, ಹೇಗೆ ಉಸಿರು ಹಿಡಿದುಕೊಳ್ಳುತ್ತದೆ, ಅದರಲ್ಲಿ ನಮ್ಮ ನಿಮ್ಮಂಥ ಗ್ರಾಹಕರ ಪಾಲು ಎಷ್ಟು ಎಂಬುದನ್ನು ಆ ಪುಟಗಳಿಂದಲೇ ವಿವರಿಸುತ್ತೇನೆ. ಖಾಲಾರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ.

ಹಿಂಜರಿತ ಎಂದರೇನು?

ದೇಶದ ಒಟ್ಟು ಉತ್ಪನ್ನ, ಅಂದರೆ ಜಿಡಿಪಿ, ಸತತ ಎರಡು ತ್ರೈಮಾಸಿಕಗಳಲ್ಲಿ ಹಿಂದಿನ ಮಟ್ಟಕ್ಕಿಂತ ಕೆಳಗಿಳಿದರೆ ಅದನ್ನು ಸಾಮಾನ್ಯವಾಗಿ ಹಿಂಜರಿತ ಎನ್ನುತ್ತಾರೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಭಾರತದ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದರೆ ಸುಮಾರು ಶೇ. 24ರಷ್ಟು ಕುಸಿಯಿತು. ಮುಂದಿನ ಮೂರು ತಿಂಗಳೂ ಇಳಿಕೆಯೇ. 2020–21ರ ಇಡೀ ವರ್ಷದಲ್ಲಿ ಶೇ. 7.3ರಷ್ಟು ಇಳಿಕೆಯಾಗಿದೆ ಎಂದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2021ರ ಮೇ ತಿಂಗಳಲ್ಲಿ ಅಂದಾಜು ಪ್ರಕಟಿಸಿತು.

ಇವು ಪತ್ರಿಕೆಯ ಅಂಕಿಗಳು. ನಮ್ಮ ಗಲ್ಲಿಯಲ್ಲಿ ಹಿಂಜರಿತ ಬೇರೆ ರೂಪದಲ್ಲಿ ಬಂತು. ಖಾಲು ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದರು. ಶಾಲೆ ಮುಚ್ಚಿದ ದಿನವೇ ಅವರ ಆದಾಯವೂ ನಿಂತಿತು. ಒಂದರಿಂದ ಐದನೇ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ವ್ಯಾನ್ ಮನೆ ಮುಂದೆ ನಿಂತಿತ್ತು.

ಆದ್ದರಿಂದ ‘ಈ ಕಾಲದಲ್ಲಿ ಅಂಗಡಿ ಯಾಕೆ ತೆರೆದಿರಿ’ ಎಂಬುದಕ್ಕೆ ಮೊದಲ ಉತ್ತರ ಧೈರ್ಯವಲ್ಲ, ಅನಿವಾರ್ಯತೆ. ಹೊಸ ಉದ್ಯಮಗಳಲ್ಲಿ ಎರಡು ಬಗೆ ಇವೆ. ಒಂದು, ಒಳ್ಳೆಯ ಅವಕಾಶ ಕಂಡು ತೆರೆಯುವುದು. ಇನ್ನೊಂದು, ಬೇರೆ ದಾರಿ ಮುಚ್ಚಿದ್ದರಿಂದ ತೆರೆಯುವುದು. ಕಷ್ಟಕಾಲದಲ್ಲಿ ಎರಡನೆಯ ಬಗೆ ಹೆಚ್ಚುತ್ತದೆ. ಕೆಲಸ ಕಳೆದುಕೊಂಡವರು ಎಷ್ಟೋ ಮಂದಿ ತಳ್ಳುಗಾಡಿ, ಮನೆಯಡುಗೆ, ಹೊಲಿಗೆ ಹಿಡಿದದ್ದನ್ನು ನಾವೆಲ್ಲ ನೋಡಿದ್ದೇವೆ. ಖಾಲಾ ಹದಿನೈದು ವರ್ಷದಿಂದ ಮನೆಯಲ್ಲೇ ಹೊಲಿಯುತ್ತಿದ್ದವರು. ಕೈಯಲ್ಲಿದ್ದ ವಿದ್ಯೆ ಅದೊಂದೇ.

ಮಂದಿಯಲ್ಲಿ ಅಗ್ಗವಾಗುವುದೂ ಇದೆ

ಎರಡನೆಯ ಉತ್ತರ ಲೆಕ್ಕದ್ದು. ಹಿಂಜರಿತದಲ್ಲಿ ಗಿರಾಕಿ ಕಡಿಮೆಯಾಗುತ್ತಾರೆ ನಿಜ. ಆದರೆ ಅಂಗಡಿ ತೆರೆಯುವ ಖರ್ಚೂ ಇಳಿಯುತ್ತದೆ. ಜೆರಾಕ್ಸ್ ಅಂಗಡಿ ಇದ್ದಾಗ ಆ ಮಳಿಗೆಗೆ ತಿಂಗಳಿಗೆ 9,000 ರೂಪಾಯಿ ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್. ನಾಲ್ಕು ತಿಂಗಳು ಖಾಲಿ ಬಿದ್ದ ಮೇಲೆ ಮಾಲೀಕರು 6,000 ಬಾಡಿಗೆಗೆ, 40,000 ಅಡ್ವಾನ್ಸ್‌ಗೆ ಒಪ್ಪಿದರು. ಮುಚ್ಚಿಹೋದ ಒಂದು ಟೈಲರ್ ಅಂಗಡಿಯಿಂದ ಇಂಟರ್‌ಲಾಕ್ ಯಂತ್ರ 9,000ಕ್ಕೆ ಸಿಕ್ಕಿತು. ಒಬ್ಬರ ನಷ್ಟ ಇನ್ನೊಬ್ಬರ ಬಂಡವಾಳವಾಗುವುದು ಹೀಗೆ. ಅದನ್ನು ತರುವಾಗ ಖಾಲಾರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ಒಟ್ಟು ಬಂಡವಾಳ 1,80,000 ರೂಪಾಯಿ. ಅದು ಬಂದದ್ದು ಮೂರು ಕಡೆಯಿಂದ. ಕಷ್ಟಕಾಲದಲ್ಲಿ ಜನ ಚಿನ್ನದ ಕಡೆ ಓಡುವುದರಿಂದ 2020ರ ಆಗಸ್ಟ್‌ನಲ್ಲಿ 10 ಗ್ರಾಂ ಚಿನ್ನದ ಬೆಲೆ 55 ಸಾವಿರ ದಾಟಿ ದಾಖಲೆ ಬರೆದಿತ್ತು. ಆಗ ಖಾಲಾ ತಮ್ಮ ಎರಡು ಬಳೆ ಮಾರಿದರು. ಮನೆಖರ್ಚು ಕಳೆದು ಅದರಲ್ಲಿ 95,000 ಉಳಿಯಿತು. ನನ್ನ ಅಬ್ಬು ಮತ್ತು ಮಾಮು ಬಡ್ಡಿಯಿಲ್ಲದೆ ಕೊಟ್ಟದ್ದು 50,000. ಚೀಟಿಯಿಂದ ಬಂದದ್ದು 35,000. ಸಣ್ಣ ಉದ್ಯಮಕ್ಕೆ ಸರ್ಕಾರದ ಮುದ್ರಾ ಯೋಜನೆ 2015ರಿಂದ ಇದೆ. ಅದರಲ್ಲಿ ‘ಶಿಶು’ ಎಂಬ ವರ್ಗದಲ್ಲಿ 50,000ದವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ, ‘ತರುಣ’ದಲ್ಲಿ 10 ಲಕ್ಷದವರೆಗೆ ಸಾಲ ಸಿಗುತ್ತದೆ. ಬಡ್ಡಿಯ ವ್ಯವಹಾರ ಬೇಡ ಎಂದು ಖಾಲಾ ಆ ದಾರಿ ಹಿಡಿಯಲಿಲ್ಲ.

ಹಣ ಹೋದದ್ದು ಹೀಗೆ: ಅಡ್ವಾನ್ಸ್ 40,000, ರ್‍ಯಾಕ್, ಕನ್ನಡಿ, ಲೈಟು, ಬೋರ್ಡು 25,000, ಯಂತ್ರ 9,000, ಬಟ್ಟೆಯ ದಾಸ್ತಾನು 80,000. ಉಳಿದ 26,000ವನ್ನು ಖಾಲಾ ಮುಟ್ಟಲಿಲ್ಲ. “ಇನ್ನೂ ನಾಲ್ಕು ಡಿಸೈನ್ ತರಬಹುದಿತ್ತಲ್ಲ” ಎಂದು ನಾನು ಕೇಳಿದ್ದೆ. “ಅಂಗಡಿಗೂ ಹಸಿವಾಗುತ್ತೆ ಬೇಟಾ” ಎಂದಿದ್ದರು. ಆ ಮಾತು ಅರ್ಥವಾಗಲು ನನಗೆ ಮೂರು ತಿಂಗಳು ಬೇಕಾಯಿತು.

ಕಾಗದಪತ್ರದ ಬಗ್ಗೆ ಒಂದು ಮಾತು. ಮಹಾನಗರ ಪಾಲಿಕೆಯಿಂದ ವ್ಯಾಪಾರ ಪರವಾನಗಿ ಪಡೆಯಬೇಕು. ಸಣ್ಣ ಉದ್ಯಮಗಳಿಗೆ 2020ರ ಜುಲೈ 1ರಿಂದ ‘ಉದ್ಯಮ್’ ನೋಂದಣಿ ಇದೆ. ಅದನ್ನು ಆನ್‌ಲೈನ್‌ನಲ್ಲಿ ನಾವೇ ಮಾಡಬಹುದು, ಶುಲ್ಕವಿಲ್ಲ. ನಮ್ಮ ರಾಜ್ಯದೊಳಗೆ ಮಾತ್ರ ಸರಕು ಮಾರುವ ಅಂಗಡಿಯ ವಾರ್ಷಿಕ ವಹಿವಾಟು 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹಾಗೆಂದು ತೆರಿಗೆ ಇಲ್ಲವೆಂದಲ್ಲ. 2021ರಲ್ಲಿ ಸಾವಿರ ರೂಪಾಯಿಯವರೆಗಿನ ಉಡುಪಿಗೆ ಶೇ. 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 12 ತೆರಿಗೆಯನ್ನು ಸಗಟು ಅಂಗಡಿಯಲ್ಲೇ ಕಟ್ಟಿ ಬರುತ್ತಿದ್ದೆವು. ನೋಂದಣಿ ಇಲ್ಲದವರಿಗೆ ಅದು ಹಿಂತಿರುಗುವುದಿಲ್ಲ, ಕೊಂಡ ಬೆಲೆಗೇ ಸೇರುತ್ತದೆ.

ಬೊಟಿಕ್ ಮತ್ತು ಬಟ್ಟೆ ಅಂಗಡಿ

ನಮ್ಮ ದಾವಣಗೆರೆಗೆ ಬಟ್ಟೆ ಹೊಸದಲ್ಲ. ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ನನ್ನ ನಾನಾ ಗಿರಣಿಯಲ್ಲಿ ಕೆಲಸ ಮಾಡಿದವರು. ಗಿರಣಿ ಮುಚ್ಚಿದಾಗ ಮನೆಯ ಸ್ಥಿತಿ ಏನಾಗಿತ್ತೆಂದು ಅಮ್ಮಿ ಈಗಲೂ ಹೇಳುತ್ತಾರೆ. ಈಗ ಊರಿನಲ್ಲಿ ದೊಡ್ಡ ದೊಡ್ಡ ಬಟ್ಟೆ ಮಳಿಗೆಗಳಿವೆ. ಅವುಗಳ ಎದುರು ಹತ್ತಡಿ ಅಗಲದ ಅಂಗಡಿ ಬೆಲೆಯಲ್ಲಿ ಸ್ಪರ್ಧಿಸಲಾರದು. ಬೊಟಿಕ್ ಬದುಕುವುದು ಬೇರೆ ಕಾರಣಕ್ಕೆ: ಆಯ್ದ ಕೆಲವೇ ಬಟ್ಟೆ, ಅಳತೆಗೆ ಸರಿಯಾದ ಹೊಲಿಗೆ, ಮತ್ತು ಗಿರಾಕಿಯ ಪರಿಚಯ.

ಖಾಲಾ ಮಾಲು ತರುವುದು ಬೆಂಗಳೂರಿನ ಚಿಕ್ಕಪೇಟೆಯಿಂದ. ಮೊದಲ ಸಲ ನಾನೂ ಹೋಗಿದ್ದೆ. ಸೂರತ್‌ನ ಸಿಂಥೆಟಿಕ್, ಜೈಪುರದ ಕಾಟನ್ ಪ್ರಿಂಟ್, ಲಖನೌದ ಚಿಕನ್ ಕಸೂತಿ ಎಲ್ಲ ಅಲ್ಲಿ ಒಂದೇ ಬೀದಿಯಲ್ಲಿ ಸಿಗುತ್ತವೆ. ನನಗೆ ರೆಡಿಮೇಡ್ ಕುರ್ತಾಗಳು ಇಷ್ಟವಾದವು. ಸಗಟು ವ್ಯಾಪಾರಿ ಅವನ್ನು ಒಂದೊಂದಾಗಿ ಕೊಡುವುದಿಲ್ಲ. ಸೆಟ್ ಆಗಿಯೇ ಕೊಳ್ಳಬೇಕು. ಒಂದು ಡಿಸೈನ್ ಎಂದರೆ ಎಸ್‌ನಿಂದ ಡಬಲ್ ಎಕ್ಸ್‌ಎಲ್‌ವರೆಗೆ ಐದು ಪೀಸು. ಅದರಲ್ಲಿ ಮಧ್ಯದ ಅಳತೆಗಳು ಮಾರಿಹೋಗಿ ಎರಡು ತುದಿಯವು ಉಳಿಯುತ್ತವೆ. ಆದ್ದರಿಂದ ಖಾಲಾ ಹೆಚ್ಚಾಗಿ ಹೊಲಿಯದ ಡ್ರೆಸ್ ಮೆಟೀರಿಯಲ್ ತೆಗೆದುಕೊಂಡರು. ಅದಕ್ಕೆ ಅಳತೆಯ ಹಂಗಿಲ್ಲ. ಜೊತೆಗೆ, ಕೊಂಡವರು ಅದನ್ನು ಎಲ್ಲಾದರೂ ಹೊಲಿಸಲೇಬೇಕು.

ತಿಂಗಳಿಗೆ ಎಷ್ಟು ಮಾರಿದರೆ ಉಳಿವು?

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಗಿರಾಕಿ ಬಂದರೂ ಬಾರದಿದ್ದರೂ ತೆರಬೇಕಾದದ್ದು ಸ್ಥಿರ ವೆಚ್ಚ. ಖಾಲಾರ ಅಂಗಡಿಗೆ ಅದು ಹೀಗಿದೆ: ಬಾಡಿಗೆ 6,000, ಸಹಾಯಕ್ಕೆ ಅರ್ಧ ದಿನ ಬರುವ ಹುಡುಗಿಯ ಸಂಬಳ 6,000, ಕರೆಂಟು, ಫೋನು, ಇತರೆ 2,000. ಒಟ್ಟು ತಿಂಗಳಿಗೆ 14,000.

ಒಂದು ಡ್ರೆಸ್ ಮೆಟೀರಿಯಲ್ ಕೊಂಡದ್ದು 600ಕ್ಕೆ, ಮಾರುವುದು 850ಕ್ಕೆ ಎನ್ನಿ. ಸಾಗಣೆ, ಕೈಚೀಲದ ಖರ್ಚು 30 ಕಳೆದರೆ ಕೈಗೆ ಉಳಿಯುವುದು 220. ಒಂದು ಜೊತೆ ಚೂಡಿದಾರ ಹೊಲಿದರೆ 350 ಕೂಲಿ. ದಾರ, ಗುಂಡಿ ಇತ್ಯಾದಿ 50 ಕಳೆದರೆ 300 ಉಳಿಯುತ್ತದೆ.

ತಿಂಗಳಿಗೆ 30 ಡ್ರೆಸ್ ಮಾರಿದರೆ 6,600. 25 ಜೊತೆ ಹೊಲಿದರೆ 7,500. ಕೂಡಿದರೆ 14,100. ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುವ ಬಿಂದು ಹೆಚ್ಚುಕಡಿಮೆ ಇದೇ. ಆದರೆ ಇದರಲ್ಲಿ ಖಾಲಾರ ಸ್ವಂತ ದುಡಿಮೆಗೆ ಒಂದು ರೂಪಾಯಿಯೂ ಸೇರಿಲ್ಲ ಎಂಬುದನ್ನು ಗಮನಿಸಿ. ಬಾಡಿಗೆ ಹಳೆಯ 9,000ವೇ ಇದ್ದಿದ್ದರೆ ಈ ಬಿಂದು ಮುಟ್ಟಲು ಪ್ರತಿ ತಿಂಗಳೂ ಇನ್ನೂ 14 ಡ್ರೆಸ್ ಮಾರಬೇಕಿತ್ತು. ಬಾಡಿಗೆ ಇಳಿದದ್ದು ಎಷ್ಟು ದೊಡ್ಡ ಸಹಾಯ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ನಾವೆಲ್ಲ ಕೇಳುವ ‘ಸ್ವಲ್ಪ ಕಡಿಮೆ ಮಾಡಿ’ ಎಂಬ ಮಾತು. 850ರ ಮೇಲೆ ಶೇ. 10 ಎಂದರೆ 85 ರೂಪಾಯಿ. ಕೊಳ್ಳುವವರಿಗೆ ಅದು ಸಣ್ಣ ರಿಯಾಯಿತಿ. ಆದರೆ ಅಂಗಡಿಯ 220ರಲ್ಲಿ 85 ಹೋದರೆ ಉಳಿಯುವುದು 135. ಮೊದಲು 30 ಡ್ರೆಸ್‌ನಿಂದ ಬರುತ್ತಿದ್ದ 6,600 ಈಗ ಬರಬೇಕಾದರೆ 49 ಡ್ರೆಸ್ ಮಾರಬೇಕು. ಈ ಲೆಕ್ಕ ಹಾಕಿದ ದಿನ ನಾನು ಬೇರೆ ಅಂಗಡಿಗಳಲ್ಲಿ ಚೌಕಾಸಿ ಮಾಡಿದ್ದೆಲ್ಲ ನೆನಪಾಯಿತು.

ದ್ವಿತೀಯ ಪಿಯು ಲೆಕ್ಕಶಾಸ್ತ್ರದಲ್ಲಿ ನಾವು ಓದುವ ದಾಸ್ತಾನು ವಹಿವಾಟು ಅನುಪಾತವನ್ನೂ ಇಲ್ಲಿ ಹಾಕಿ ನೋಡಬಹುದು. ತಿಂಗಳಿಗೆ 30 ಡ್ರೆಸ್ ಮಾರಿದರೆ ಮಾರಿದ ಸರಕಿನ ವೆಚ್ಚ 18,000, ವರ್ಷಕ್ಕೆ 2,16,000. ಸರಾಸರಿ ದಾಸ್ತಾನು 80,000. ಭಾಗಿಸಿದರೆ 2.7. ಅಂದರೆ ಬಟ್ಟೆಗೆ ಹಾಕಿದ ಹಣ ವರ್ಷಕ್ಕೆ ಮೂರು ಸಲವೂ ತಿರುಗುವುದಿಲ್ಲ. ಕಿರಾಣಿ ಅಂಗಡಿಯ ಹಾಲು, ಸಕ್ಕರೆ ಹಾಗಲ್ಲ, ಬೇಗ ತಿರುಗುತ್ತವೆ. ಬಟ್ಟೆ ರ್‍ಯಾಕ್‌ನಲ್ಲಿ ಕೂತಷ್ಟೂ ಮಡಿಕೆಯ ಗೆರೆ ಬೀಳುತ್ತದೆ, ಬಣ್ಣ ಮಂಕಾಗುತ್ತದೆ, ಫ್ಯಾಷನ್ ಮುಂದೆ ಹೋಗುತ್ತದೆ. ಹೊಲಿಗೆಗೆ ಈ ತೊಂದರೆ ಇಲ್ಲ. ಬಟ್ಟೆ ಗಿರಾಕಿಯದು, ದುಡಿಮೆ ನಮ್ಮದು. ಮಂದಿಯ ಕಾಲದಲ್ಲಿ ಅಂಗಡಿಯನ್ನು ಹಿಡಿದು ನಿಲ್ಲಿಸಿದ್ದು ರ್‍ಯಾಕ್ ಅಲ್ಲ, ಹೊಲಿಗೆ ಯಂತ್ರ.

ಈದ್‌ಗೆ ಮುಂಚೆ ಬಿದ್ದ ಬೀಗ

ಮಾರ್ಚ್ ಹೊತ್ತಿಗೆ ವ್ಯಾಪಾರ ಕುದುರಿತು. ರಂಜಾನ್ ಬರುತ್ತಿತ್ತು. ಬಟ್ಟೆ ವ್ಯಾಪಾರಿಗಳಿಗೆ ಉಪವಾಸದ ಕೊನೆಯ ಹತ್ತು ದಿನವೇ ವರ್ಷದ ಸುಗ್ಗಿ. ಖಾಲಾ ಚಿಕ್ಕಪೇಟೆಯಿಂದ ಇನ್ನೂ 60,000ದ ಮಾಲು ತಂದರು. 20,000 ಕೈಯಿಂದ ಕೊಟ್ಟು, 40,000 ನಲವತ್ತೈದು ದಿನದ ಸಾಲ ಹೇಳಿದರು.

ಏಪ್ರಿಲ್ ಕೊನೆಯಲ್ಲಿ ಎರಡನೇ ಅಲೆಯ ನಿರ್ಬಂಧಗಳು ಬಂದವು. ಬಟ್ಟೆ ಅಗತ್ಯ ವಸ್ತುಗಳ ಪಟ್ಟಿಯಲ್ಲಿಲ್ಲ. ಮೇ 14ಕ್ಕೆ ಈದ್; ಅಂಗಡಿಗೆ ಬೀಗ. ಹೊಸ ಮಾಲಿನಲ್ಲಿ ಮೂರನೇ ಒಂದು ಭಾಗ ಮಾತ್ರ ಮಾರಿತ್ತು. ಜೂನ್ ಮಧ್ಯದಲ್ಲಿ ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲವಾದಾಗಲೂ ಹನ್ನೊಂದು ಜಿಲ್ಲೆಗಳಲ್ಲಿ ಮುಂದುವರಿಯಿತು. ಅದರಲ್ಲಿ ದಾವಣಗೆರೆಯೂ ಒಂದು. ಮೇ ತಿಂಗಳ ಪುಟದಲ್ಲಿ ನಾನು ಬರೆದಿರುವ ಒಟ್ಟು ಆದಾಯ 2,100 ರೂಪಾಯಿ. ಆ ಈದ್ ದಿನ ನಾವೆಲ್ಲ ಹಳೆಯ ಬಟ್ಟೆಯನ್ನೇ ಇಸ್ತ್ರಿ ಮಾಡಿ ಹಾಕಿಕೊಂಡೆವು. ಮಾರಾಟವಾಗದ ಹೊಸ ಬಟ್ಟೆ ಎರಡು ಮನೆ ಆಚೆ ಶಟರ್ ಒಳಗಿತ್ತು. ಅದರಲ್ಲಿ ಒಂದನ್ನು ಖಾಲಾರ ಮಗಳು ಕೇಳಿದಳು. ಖಾಲಾ ಕೊಡಲಿಲ್ಲ. “ಅದು ಇನ್ನೂ ನಮ್ಮದಾಗಿಲ್ಲ, ಸೇಠ್‌ಗೆ ದುಡ್ಡು ಕೊಟ್ಟಿಲ್ಲ” ಎಂದರು.

ಲಾಭ ಬೇರೆ, ನಗದು ಬೇರೆ ಎಂಬುದು ಆಗ ನನಗೆ ಗೊತ್ತಾಯಿತು. ಪುಸ್ತಕದ ಪ್ರಕಾರ ಅಂಗಡಿಯ ಹತ್ತಿರ ಸಾಲಕ್ಕಿಂತ ಹೆಚ್ಚು ಬೆಲೆಯ ಬಟ್ಟೆ ಇತ್ತು. ಆದರೆ ಬಟ್ಟೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ಅನೇಕ ಅಂಗಡಿಗಳು ಮುಚ್ಚುವುದು ನಷ್ಟದಿಂದಲ್ಲ, ಕೊಡಬೇಕಾದ ದಿನ ಕೈಯಲ್ಲಿ ನಗದಿಲ್ಲದೆ. ಮುಟ್ಟದೆ ಇಟ್ಟ ಆ 26,000 ಈಗ ಕೆಲಸಕ್ಕೆ ಬಂತು. ಮಾಲೀಕರು ಮೇ, ಜೂನ್‌ಗೆ ಅರ್ಧ ಬಾಡಿಗೆ ಸಾಕೆಂದರು. ಖಾಲು ವ್ಯಾನ್‌ನಲ್ಲಿ ತರಕಾರಿ ತುಂಬಿಕೊಂಡು ಬಡಾವಣೆಗಳಲ್ಲಿ ಮಾರಿ ಮನೆ ನಡೆಸಿದರು.

ಸಗಟು ವ್ಯಾಪಾರಿಗೆ ಖಾಲಾ ಗಡುವಿಗೆ ಹತ್ತು ದಿನ ಮುಂಚೆಯೇ ಫೋನ್ ಮಾಡಿದರು. ಏಪ್ರಿಲ್‌ನಲ್ಲಿ 10,000 ಕೊಟ್ಟಾಗಿತ್ತು. “ಉಳಿದ 30,000ವನ್ನು ತಿಂಗಳಿಗೆ 5,000ದಂತೆ ಕೊಡುತ್ತೇನೆ ಭಾಯಿ, ಒಂದು ತಿಂಗಳೂ ತಪ್ಪಿಸುವುದಿಲ್ಲ” ಎಂದರು. ಅವರ ಕಡೆಯೂ ಮಾಲು ಕೂತಿತ್ತು, ಒಪ್ಪಿದರು. ಕೊನೆಯ ಕಂತು ಅಕ್ಟೋಬರ್‌ನಲ್ಲಿ ಹೋಯಿತು.

ಉದ್ರಿ ಪುಸ್ತಕದಲ್ಲಿ ನಮ್ಮ ಮನೆ

ಜೂನ್ ಕೊನೆಗೆ ‘ಬರಬೇಕಾದದ್ದು’ ಎಂಬ ಪಟ್ಟಿ ಮಾಡಲು ಖಾಲಾ ಹೇಳಿದರು. ಹತ್ತೊಂಬತ್ತು ಹೆಸರು, ಒಟ್ಟು 23,400 ರೂಪಾಯಿ. ತಿಂಗಳ ಸ್ಥಿರ ವೆಚ್ಚ 14,000 ಇರುವ ಅಂಗಡಿಗೆ ಇದು ಒಂದೂವರೆ ತಿಂಗಳಿಗೂ ಹೆಚ್ಚಿನ ಉಸಿರು. ಎಲ್ಲರೂ ಪರಿಚಯದವರೇ. “ಆಪಾ, ಈದ್ ಆದ ಮೇಲೆ ಕೊಡುತ್ತೇನೆ”, “ಅಕ್ಕ, ಸಂಬಳ ಆಗಲಿ” ಎಂದು ಒಯ್ದವರು. ಪಟ್ಟಿಯ ಏಳನೇ ಹೆಸರು ನಮ್ಮ ಮನೆಯದು: 3,400. ಅದರಲ್ಲಿ ನನ್ನ ಎರಡು ಡ್ರೆಸ್ ಇದ್ದವು. ನನ್ನ ಕೈಯಿಂದಲೇ ಬರೆದಿದ್ದೆ, ಆದರೆ ಅದನ್ನು ಯಾವತ್ತೂ ಸಾಲ ಎಂದುಕೊಂಡಿರಲಿಲ್ಲ. ಅಬ್ಬು ಕೊಟ್ಟ ಹಣ ಇದೆಯಲ್ಲ ಎಂದುಕೊಂಡಿದ್ದೆ. “ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ” ಎಂದರು ಅಬ್ಬು ಆ ರಾತ್ರಿ.

ನಿಜಕ್ಕೂ ಕಷ್ಟದಲ್ಲಿದ್ದವರು ಆ ಪಟ್ಟಿಯಲ್ಲಿ ಐದಾರು ಮಂದಿ ಇರಬಹುದು. ಉಳಿದವರು ಕೊಡಬಹುದಾಗಿದ್ದೂ ಮರೆತವರು, ನಮ್ಮಂತೆ. ದೊಡ್ಡ ಮಳಿಗೆಯಲ್ಲಿ ಬಿಲ್ ಕಟ್ಟದೆ ಚೀಲ ಕೈಗೆ ಬರುವುದಿಲ್ಲ, ಆನ್‌ಲೈನ್‌ನಲ್ಲೂ ಅಷ್ಟೇ. ಮುಖಪರಿಚಯದ ಅಂಗಡಿಯಲ್ಲಿ ಮಾತ್ರ ನಾವು ಉದ್ರಿ ಹೇಳುತ್ತೇವೆ. ಅಂದರೆ ಎಲ್ಲರಿಗಿಂತ ಕಡಿಮೆ ಬಂಡವಾಳವಿರುವವರ ಹತ್ತಿರವೇ ಬಡ್ಡಿಯಿಲ್ಲದ ಸಾಲ ಪಡೆಯುತ್ತೇವೆ.

ಎಲ್ಲರೂ ಉಳಿಸಿದರೆ ಏನಾಗುತ್ತದೆ?

ಅರ್ಥಶಾಸ್ತ್ರದ ತರಗತಿಯಲ್ಲಿ ‘ಮಿತವ್ಯಯದ ವಿರೋಧಾಭಾಸ’ ಎಂಬ ಪಾಠ ಬಂದಾಗ ನನಗೆ ಈ ಅಂಗಡಿಯೇ ಕಣ್ಣ ಮುಂದೆ ಬಂತು. 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದ ನಂತರ, 1936ರಲ್ಲಿ, ಜಾನ್ ಮೇನಾರ್ಡ್ ಕೇನ್ಸ್ ಅವರ ಪ್ರಸಿದ್ಧ ಗ್ರಂಥ ಬಂತು. ಒಂದು ಮನೆ ಖರ್ಚು ಕಡಿಮೆ ಮಾಡಿದರೆ ಆ ಮನೆಗೆ ಒಳ್ಳೆಯದು. ಎಲ್ಲ ಮನೆಗಳೂ ಒಟ್ಟಿಗೆ ಕಡಿಮೆ ಮಾಡಿದರೆ ಎಲ್ಲರ ಆದಾಯವೂ ಇಳಿದು, ಕೊನೆಗೆ ಒಟ್ಟು ಉಳಿತಾಯವೂ ಹೆಚ್ಚುವುದಿಲ್ಲ. ಏಕೆಂದರೆ ನನ್ನ ಖರ್ಚು ಇನ್ನೊಬ್ಬರ ಆದಾಯ.

ಖಾಲಾರ ಅಂಗಡಿಯಲ್ಲಿ ಕೆಲಸಕ್ಕೆ ಬರುತ್ತಿದ್ದ ಹುಡುಗಿ ನಮ್ಮ ಕಾಲೇಜಿನಲ್ಲೇ ನನಗಿಂತ ಒಂದು ವರ್ಷ ಮುಂದಿದ್ದವಳು. ಮೇ, ಜೂನ್ ಎರಡು ತಿಂಗಳು ಅವಳಿಗೆ ಸಂಬಳ ಕೊಡಲಾಗಲಿಲ್ಲ. ಅವಳ 6,000ದಲ್ಲಿ ಅರ್ಧ ಕಿರಾಣಿಗೆ ಹೋಗುತ್ತಿತ್ತು, ಉಳಿದದ್ದು ಡಿಗ್ರಿ ಪ್ರವೇಶಕ್ಕೆಂದು ಕೂಡುತ್ತಿತ್ತು. ಸಂಬಳ ನಿಂತಾಗ ಕಿರಾಣಿ ಅಂಗಡಿಯವರ ಉದ್ರಿ ಬೆಳೆಯಿತು. ಅದೇ ಕಿರಾಣಿಯವರು ಮಗಳಿಗೆ ಹೊಲಿಸಬೇಕೆಂದಿದ್ದ ಡ್ರೆಸ್ ಮುಂದಕ್ಕೆ ಹಾಕಿದರು. ಆ ಡ್ರೆಸ್ ಹೊಲಿಯಬೇಕಿದ್ದದ್ದು ಖಾಲಾರ ಅಂಗಡಿಯಲ್ಲೇ! ಗಲ್ಲಿಯೊಳಗೆ ಹಣ ಸುತ್ತುವುದು ನಿಂತಾಗ ಎಲ್ಲರಿಗೂ ತಟ್ಟುತ್ತದೆ. ಅದು ಮತ್ತೆ ಸುತ್ತಲು ಶುರುವಾದರೆ ಒಂದೇ ನೂರು ರೂಪಾಯಿ ನಾಲ್ಕು ಮನೆಯ ಕೆಲಸ ಮಾಡುತ್ತದೆ. ಪುಸ್ತಕದಲ್ಲಿ ಗುಣಕ ಎಂದು ಓದುವುದು ಇದನ್ನೇ.

ಹಾಗೆಂದು ಸಾಲ ಮಾಡಿ ಬಟ್ಟೆ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೊಡಬೇಕಾದದ್ದನ್ನು ತಡಮಾಡದೆ ಕೊಡುವುದಕ್ಕೆ ಹೊಸ ಖರ್ಚೇನೂ ಬೇಕಿಲ್ಲ. ಅದೊಂದೇ ಹಣವನ್ನು ಮತ್ತೆ ಸುತ್ತಿಸುತ್ತದೆ.

ಬೇಡಿಕೆ ಸಾಯುವುದಿಲ್ಲ, ರೂಪ ಬದಲಿಸುತ್ತದೆ

ಬೀಗ ತೆಗೆದ ಮೇಲೆ ಬಂದ ಗಿರಾಕಿಗಳು ಹೊಸ ಬಟ್ಟೆ ಕೇಳಲಿಲ್ಲ. ಜುಲೈ 21ರ ಬಕ್ರೀದ್‌ಗೆ ಉಳಿದ ಮಾಲಿನಲ್ಲಿ ಒಂದಿಷ್ಟು ಹೋಯಿತು. ಹೆಚ್ಚು ಬಂದದ್ದು ಹಳೆಯ ಬಟ್ಟೆ. ಆಗಸ್ಟ್ ಕೊನೆಯಲ್ಲಿ ಪ್ರೌಢಶಾಲೆ, ಕಾಲೇಜುಗಳು ತೆರೆದಾಗ ಒಂದೂವರೆ ವರ್ಷದಲ್ಲಿ ಉದ್ದವಾಗಿದ್ದ ಮಕ್ಕಳ ಸಮವಸ್ತ್ರಗಳೆಲ್ಲ ಗಿಡ್ಡವಾಗಿದ್ದವು. ಮಡಿಕೆ ಬಿಚ್ಚಿ ಉದ್ದ ಮಾಡುವುದು, ಬದಿಯಲ್ಲಿ ಅಗಲ ಬಿಡಿಸುವುದು, ಅಕ್ಕನದನ್ನು ತಂಗಿಗೆ ಸರಿಮಾಡುವುದು. ಒಂದೊಂದಕ್ಕೂ 40, 60 ರೂಪಾಯಿ. ದೀಪಾವಳಿ ಸಮಯದಲ್ಲಿ ಹಿಂದಿನ ಬೀದಿಯ ಅಕ್ಕಂದಿರು ಹಳೆಯ ರೇಷ್ಮೆ ಸೀರೆ ತಂದು ಮಗಳಿಗೆ ಲಂಗ, ಉದ್ದ ಕುರ್ತಾ ಹೊಲಿಸಿಕೊಂಡರು.

ಆದಾಯ ಇಳಿದಾಗ ಬೇಡಿಕೆ ಏರುವ ಸರಕನ್ನು ನಾವು ನಿಕೃಷ್ಟ ಸರಕು ಎಂದು ಓದುತ್ತೇವೆ. ಹೆಸರು ಕೇಳಿ ಅದು ಕೀಳು ಎಂದುಕೊಳ್ಳಬಾರದು. ಹಳೆಯದನ್ನು ಸರಿಮಾಡುವ ಈ ಕೆಲಸದಿಂದಲೇ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಂಗಡಿಯ ಆದಾಯದ ಮೂರನೇ ಒಂದು ಭಾಗ ಬಂತು. ಇದಕ್ಕೆ ಬಂಡವಾಳ ಬೇಡ, ದಾಸ್ತಾನಿಲ್ಲ. ಅದೇ ಸಮಯದಲ್ಲಿ ಹತ್ತಿ, ನೂಲಿನ ದರ ಏರಿತು, ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿ ಸಾಗಣೆಯೂ ದುಬಾರಿಯಾಯಿತು. ಹೊಸ ಮಾಲನ್ನೇ ನಂಬಿದ್ದರೆ ಕಷ್ಟವಿತ್ತು. ಬೋರ್ಡಿನ ಕೆಳಗೆ ಈಗ ‘ಇಲ್ಲಿ ಆಲ್ಟರೇಷನ್ ಮಾಡಲಾಗುವುದು’ ಎಂಬ ಇನ್ನೊಂದು ಸಾಲು ಇದೆ. ಮೊದಲು ಅದನ್ನು ಬರೆಸಲು ನನಗೇ ಮುಜುಗರವಾಗಿತ್ತು. ಬೊಟಿಕ್ ಎಂದ ಮೇಲೆ ಅದೆಲ್ಲ ಯಾಕೆ ಎಂದಿದ್ದೆ.

ಈಗ ಅಂಗಡಿ ಹೇಗಿದೆ?

ನವೆಂಬರ್ ಲೆಕ್ಕದ ಪ್ರಕಾರ ಖರ್ಚೆಲ್ಲ ಕಳೆದು ಖಾಲಾರ ಕೈಗೆ 5,800 ರೂಪಾಯಿ ಉಳಿದಿದೆ. ದಿನಕ್ಕೆ ಹತ್ತು ಗಂಟೆ ದುಡಿದವರಿಗೆ ಇದು ಕೂಲಿಗೂ ಸಾಲದು. ಅಬ್ಬು, ಮಾಮು ಕೊಟ್ಟ 50,000 ಇನ್ನೂ ತೀರಿಸಬೇಕು. ಮಾಲೀಕರು ಫೆಬ್ರವರಿಯಿಂದ ಬಾಡಿಗೆ ಏರಿಸುವ ಮಾತಾಡುತ್ತಿದ್ದಾರೆ. ಅವರೂ ಬಾಡಿಗೆಯನ್ನೇ ನಂಬಿದವರು. ಅಂಗಡಿ ಗೆದ್ದಿತು ಎಂದು ಬರೆಯುವ ಹಾಗಿಲ್ಲ. ಮುಚ್ಚಲಿಲ್ಲ ಎಂದಷ್ಟೇ ಬರೆಯಬಹುದು. ಕೆಲಸದ ಹುಡುಗಿ ಜುಲೈಯಿಂದ ಮತ್ತೆ ಬರುತ್ತಿದ್ದಾಳೆ, ಡಿಗ್ರಿಗೂ ಸೇರಿದ್ದಾಳೆ. ಖಾಲು ಬೆಳಿಗ್ಗೆ ಶಾಲೆಯ ವ್ಯಾನ್, ಮಧ್ಯಾಹ್ನ ತರಕಾರಿ ಎರಡನ್ನೂ ಮಾಡುತ್ತಿದ್ದಾರೆ.

ಉದ್ರಿಗೆ ಈಗ ಒಂದು ನಿಯಮವಿದೆ: ಅರ್ಧ ಹಣ ಮೊದಲು, ಉಳಿದದ್ದಕ್ಕೆ ದಿನಾಂಕ ಬರೆದು ಸಹಿ. ನಿಜವಾಗಿ ಕಷ್ಟದಲ್ಲಿರುವವರಿಗೆ ಖಾಲಾ ನಿಯಮ ಮುರಿಯುತ್ತಾರೆ, ಅದು ನನಗೆ ಗೊತ್ತಿದೆ. ಅಂಥ ಹೆಸರುಗಳನ್ನು ನನ್ನಿಂದ ಬರೆಸುವುದಿಲ್ಲ. 23,400ರಲ್ಲಿ ಈಗ ಉಳಿದಿರುವುದು 4,000ದ ಆಸುಪಾಸು. ನಮ್ಮ 3,400 ಜುಲೈ ಮೊದಲ ವಾರದಲ್ಲೇ ತೀರಿತು. ಅದರಲ್ಲಿ 700 ನನ್ನ ಈದಿ ಹಣ.

ಗೆಳತಿಯರೇ, ಗೆಳೆಯರೇ, ನಿಮ್ಮ ಓಣಿಯಲ್ಲೂ ಕಳೆದ ಎರಡು ವರ್ಷದಲ್ಲಿ ಇಂಥ ಅಂಗಡಿ ಒಂದಾದರೂ ತೆರೆದಿರುತ್ತದೆ. ಅವರಿಗೆ ಉಪಕಾರವೆಂದು ಬೇಡದ್ದನ್ನು ಕೊಳ್ಳಬೇಕಿಲ್ಲ. ಬೇಕಾದದ್ದನ್ನು ಕೊಂಡಾಗ ಹಣ ಆ ದಿನವೇ ಕೊಡಿ. ಹಳೆಯ ಬಾಕಿ ಇದ್ದರೆ ಮನೆಯಲ್ಲಿ ನೆನಪಿಸಿ. ಹೊಲಿಗೆ ಚೆನ್ನಾಗಿದ್ದರೆ ನಾಲ್ಕು ಜನಕ್ಕೆ ಹೇಳಿ, ಚೆನ್ನಾಗಿಲ್ಲದಿದ್ದರೆ ಮೊದಲು ಅವರಿಗೇ ಹೇಳಿ. ಮತ್ತು ವಾಣಿಜ್ಯ ವಿಭಾಗದವರು ಒಂದು ನೋಟ್‌ಬುಕ್ ಹಿಡಿದು ಹೋಗಿ, “ಲೆಕ್ಕ ಬರೆದುಕೊಡಲಾ?” ಎಂದು ಕೇಳಿ. ಪರೀಕ್ಷೆಗೆ ಓದಿದ ಅನುಪಾತಗಳು ಅಲ್ಲಿ ಯಾರದೋ ಮನೆಯ ಬಾಡಿಗೆಯಾಗಿ, ಯಾರದೋ ಕಾಲೇಜು ಶುಲ್ಕವಾಗಿ ಕಾಣುತ್ತವೆ.

– ದ್ವಿತೀಯ ಪಿಯು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ